ಮೂವತ್ತು ಜೇಬಿನ ಗುಳಿಗೆ ಪುಸ್ತಕ

ಸೆಪ್ಟೆಂಬರ್ ೨, ಸೋಮವಾರ

ಕೆಲಸ ಸಿಕ್ಕಿತು, ಕೆಲಸ ಸಿಕ್ಕಿತು, ಮದುವೆಯಾದ ಇಪ್ಪತ್ತಾರನೇ ದಿನಕ್ಕೆ ಸರಿಯಾಗಿ ನನಗೆ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿತು. ಪತ್ರ ಓದಿದಾಗಿನಿಂದ ಕಾಲು ನೆಲಕ್ಕೆ ತಾಗುತ್ತಿಲ್ಲ. ಇವರಿಗೆ ಫೋನ್ ಮಾಡಿದೆ. ಇವರು ಆಗ ಯಾವುದೋ ಎಂಟು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುತ್ತಿದ್ದರಂತೆ. "ಒಂದ್ನಿಮಿಷ, ಕೆಳಗಿಳಿದು ಖುಷಿ ಪಡ್ತೀನಿ, ಇಲ್ಲಿ ಕುಣಿದ್ರೆ ಕಷ್ಟ" ಅಂದರು. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾರೆ? ಲಿಫ್ಟ್ ರಿಪೇರಿಯವರು ಎಂದರೆ ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಸ್ಪ್ಯಾನರ್ ಎಂದುಕೊಂಡಿದ್ದೆ. ಇವರ ಬಾಯಲ್ಲೂ ಒಂದು ಸ್ಪ್ಯಾನರ್ ಇದೆ. ಯಾವ ಪ್ರಶ್ನೆ ಕೇಳಿದರೂ ತಟ್ಟನೆ ಬಿಚ್ಚಿ ಉತ್ತರ ಕೊಡುತ್ತಾರೆ. ಇದುವರೆಗೆ ಒಂದೂ ತಪ್ಪಿಲ್ಲ.

ಈ ಕೆಂಪು ಬಟ್ಟೆ ಹೊದಿಸಿದ ನೋಟ್‌ಬುಕ್ ಇವರ ಅಮ್ಮ ಕಟ್ಟಿಕೊಟ್ಟದ್ದು. ಮನೆಯ ಕೆಳಗೇ ಅವರ ಬೈಂಡಿಂಗ್ ಅಂಗಡಿ. ಮಾವನವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷದಿಂದ ಒಬ್ಬರೇ ನಡೆಸುತ್ತಿದ್ದಾರೆ. ಹಾಳೆ ಮಡಚುವುದು, ಹೊಲಿಯುವುದು, ಅಂಟು ಬಳಿಯುವುದು, ಕೊನೆಗೆ ಆ ಭಯಂಕರ ಕಟಿಂಗ್ ಮೆಷಿನ್ನಿನ ಬ್ಲೇಡಿನ ಕೆಳಗೆ ಅಂಚು ಸಮ ಮಾಡುವುದು, ಎಲ್ಲವೂ ಅವರೇ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದರೂ ಅವರು ಕಟ್ಟಿದ ಪುಸ್ತಕದಲ್ಲಿ ಇಂಗ್ಲಿಷ್ ಬರೆಯಲು ಮನಸ್ಸು ಬರಲಿಲ್ಲ. ಒತ್ತಕ್ಷರ ತಪ್ಪಿದರೆ ಇಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವವರೂ ಇಲ್ಲ.

ಇವರ ಅಮ್ಮನಿಗೆ ಹಳೆಯ ಉಬ್ಬಸ. ಹನ್ನೆರಡು ವರ್ಷದಿಂದ ಬೆಳಗ್ಗೆ ಒಂದು, ಸಂಜೆ ಒಂದು ಥಿಯೋಫಿಲಿನ್ ಗುಳಿಗೆ. ಹಳೇ ಕಾಲದ ಔಷಧಿ. ರಕ್ತದಲ್ಲಿ ಅದರ ಮಟ್ಟ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ಅಪಾಯ. ಅದಕ್ಕೇ ಅವರು ಪ್ರತಿ ತಿಂಗಳು ಕಾಗದದ ಒಂದು ಪುಟ್ಟ ಪುಸ್ತಕ ಹೊಲಿಯುತ್ತಾರೆ. ಮೂವತ್ತು ಪುಟ, ಪ್ರತಿ ಪುಟವೂ ಒಂದು ಜೇಬು, ಪ್ರತಿ ಜೇಬಿನಲ್ಲಿ ಎರಡು ಗುಳಿಗೆ. ದಿನ ಮುಗಿದರೆ ಪುಟ ಹರಿದು ಬಿಸಾಕುತ್ತಾರೆ. ನೋಡಿದರೆ ಮುದ್ದು ಬರುತ್ತದೆ. ಆದರೆ ಇದು ಯಾವ ಕಾಲ? ನಾನು ಪೇಟೆಯಿಂದ ಏಳು ಖಾನೆಯ, ಏಳು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ ತಂದು, ನಾನೇ ಬೇರೆ ಗುಳಿಗೆ ಕೊಂಡು, ಒಂದು ವಾರದ ಹದಿನಾಲ್ಕನ್ನು ತುಂಬಿ ಕೊಟ್ಟೆ. "ಎಷ್ಟು ಚೆಂದ ಇದೆ" ಅಂದರು. ಮೊದಲ ಉಡುಗೊರೆಯಲ್ಲೇ ನಾನು ಗೆದ್ದೆ.

ಸೆಪ್ಟೆಂಬರ್ ೬, ಶುಕ್ರವಾರ

ಕೆಲಸಕ್ಕೆ ಸೇರಿ ಎರಡು ದಿನ. ಲ್ಯಾಬಿನ ಮುಖ್ಯಸ್ಥೆಗೆ ಎಲ್ಲರೂ ಬೆನ್ನ ಹಿಂದೆ 'ಡೆಸಿಮಲ್ ಮೇಡಂ' ಎನ್ನುತ್ತಾರೆ. "ಹನ್ನೆರಡು" ಎಂದರೆ ಅವರ ಕಿವಿಗೆ ಬೀಳುವುದೇ ಇಲ್ಲ, "ಹನ್ನೆರಡು ಪಾಯಿಂಟ್ ಎಷ್ಟು?" ಎಂದು ಕೇಳುತ್ತಾರೆ. ಇವತ್ತು ಊಟದ ಹೊತ್ತಿನಲ್ಲಿ ನನ್ನನ್ನು "ಮದುವೆಯಾಗಿ ಎಷ್ಟಾಯ್ತಮ್ಮ?" ಎಂದು ಕೇಳಿದರು. "ಒಂದು ತಿಂಗಳು ಪಾಯಿಂಟ್ ಸೊನ್ನೆ" ಎಂದೆ. ಇಡೀ ಕ್ಯಾಂಟೀನು ಉಸಿರು ಬಿಗಿಹಿಡಿಯಿತು. ಮೇಡಂ ನಕ್ಕರು. ಬದುಕಿಕೊಂಡೆ.

ಇವರು ಸಂಜೆ ಆಸ್ಪತ್ರೆಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದೆ ಕೂತು ಮನೆತನಕ ಮಾತಾಡಿದೆ. ಇವರು ಎಷ್ಟು ಕೇಳಿಸಿಕೊಂಡರೋ, ಹೆಲ್ಮೆಟ್ಟಿಗೇ ಗೊತ್ತು.

ಸೆಪ್ಟೆಂಬರ್ ೧೧, ಬುಧವಾರ

ಅತ್ತೆಯವರಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಆದರೂ ಅಂಗಡಿ ಮುಚ್ಚಿಲ್ಲ, ಯಾವುದೋ ಶಾಲೆಯ ರಿಜಿಸ್ಟರುಗಳು ಶನಿವಾರದೊಳಗೆ ಆಗಬೇಕಂತೆ. ಬೆಳಗ್ಗೆ ನಗುತ್ತಾ ಹೇಳಿದರು: "ನಲವತ್ತು ವರ್ಷದಿಂದ ಸಂಜೆ ಕಾಫಿ ಕುಡಿದು ಒಂಬತ್ತಕ್ಕೆ ಗೊರಕೆ ಹೊಡೆಯೋಳು ನಾನು. ನಿನ್ನೆ ಅದೇ ಅರ್ಧ ಲೋಟ ಕಾಫಿಗೆ ಕಣ್ಣೇ ಮುಚ್ಚಲಿಲ್ಲ ಕಣಮ್ಮ. ಮೊನ್ನೇನೂ ಹಾಗೇ. ಎದೆ ಡಬಡಬ ಅಂತಿತ್ತು."

"ಸೊಸೆ ಮಾಡಿದ ಕಾಫಿ, ಅದಕ್ಕೇ ಅಷ್ಟು ಪವರ್" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಅವರಿಗೆ ಕೆಮ್ಮು ಹತ್ತಿತು.

ಸೆಪ್ಟೆಂಬರ್ ೧೩, ಶುಕ್ರವಾರ

ಆಸ್ಪತ್ರೆಯ ವಾರ್ಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಹತ್ತಕ್ಕೆ ಅತ್ತೆಯವರು ಕಟಿಂಗ್ ಮೆಷಿನ್ ಮುಂದೆ ನಿಂತಿದ್ದರು. ಕೈ ಎಷ್ಟು ನಡುಗುತ್ತಿತ್ತೆಂದರೆ ರಿಜಿಸ್ಟರುಗಳ ಇಡೀ ಕಟ್ಟು ಓರೆಯಾಗಿ ಕತ್ತರಿಸಿ ಹೋಯಿತು. ಬ್ಲೇಡು ಬಿದ್ದದ್ದು ಅವರ ಬೆರಳಿನಿಂದ ಎರಡೇ ಅಂಗುಲ ದೂರ. ಇವರು ಪುಣ್ಯಕ್ಕೆ ಅಲ್ಲೇ ಇದ್ದರು. ಆಮೇಲೆ ನಾಲ್ಕು ಸಲ ವಾಂತಿ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಗೆ ನ್ಯುಮೋನಿಯಾ. ಔಷಧಿಯ ಮೊದಲ ಇಂಜೆಕ್ಷನ್ ಕೊಡುವ ಮುಂಚೆಯೇ ರಕ್ತ ತೆಗೆದರು.

ನಮ್ಮ ಲ್ಯಾಬಿಗೆ ಬಂದ ಟ್ಯೂಬಿನ ಮೇಲೆ ನನ್ನ ಮನೆಯ ವಿಳಾಸ ನೋಡುವುದು ಎಷ್ಟು ವಿಚಿತ್ರ. ಮೇಡಂ ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡರು. "ಮನೆಯವರ ಸ್ಯಾಂಪಲ್ ನೀನು ಮುಟ್ಟೋ ಹಾಗಿಲ್ಲ."

ಸೆಪ್ಟೆಂಬರ್ ೧೪, ಶನಿವಾರ

ಥಿಯೋಫಿಲಿನ್ ಇಪ್ಪತ್ತೊಂಬತ್ತು ಪಾಯಿಂಟ್ ಒಂದು, ಇಪ್ಪತ್ತು ದಾಟಿದರೇ ಅಪಾಯ. ನಾಲ್ಕು ತಿಂಗಳ ಹಿಂದಿನ ರಿಪೋರ್ಟಿನಲ್ಲಿ ಹನ್ನೆರಡು ಪಾಯಿಂಟ್ ಸೊನ್ನೆ ಇತ್ತು. ನಡುಕ, ವಾಂತಿ, ಎದೆಬಡಿತ ಎಲ್ಲ ಅದರಿಂದಲೇ. ಗುಳಿಗೆ ನಿಲ್ಲಿಸಿದ್ದಾರೆ.

"ಎರಡರಷ್ಟು ನುಂಗಿದ್ದಾರೆ" ಎಂದರು ಇವರು. "ಬಟನ್ ಒತ್ತದೆ ಲಿಫ್ಟ್ ಮೇಲೆ ಹೋಗಲ್ಲ." ನನಗೂ ಹಾಗೇ ಅನ್ನಿಸಿತು. ಬೇರೆ ಏನಿರಲು ಸಾಧ್ಯ?

ಸೆಪ್ಟೆಂಬರ್ ೧೫, ಭಾನುವಾರ

ಅತ್ತಿಗೆ ಬೆಳಗಿನ ರೈಲಿಗೆ ಬಂದರು. ಇವರ ಅಕ್ಕ, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ವಾರ್ಡಿಗೆ ಕಾಲಿಟ್ಟವರೇ ಅಟೆಂಡೆನ್ಸ್ ತೆಗೆದುಕೊಳ್ಳುವವರ ಹಾಗೆ ಎಲ್ಲರ ಮುಖ ನೋಡಿದರು.

"ಅಮ್ಮ, ಸರಿಯಾಗಿ ಹೇಳು. ನಿನ್ನ ಕಾಗದದ ಪುಸ್ತಕದಿಂದ ತಗೊಂಡ್ಯಾ, ಇವಳು ಕೊಟ್ಟ ಪೆಟ್ಟಿಗೆಯಿಂದ ತಗೊಂಡ್ಯಾ?"

ಅತ್ತೆಯವರು ನನ್ನ ಮುಖ ನೋಡಿದರು. "ಪೆಟ್ಟಿಗೇನೂ ಉಪಯೋಗಿಸ್ತಿದ್ದೆ. ತುಂಬ ಅನುಕೂಲ ಅದು" ಎಂದರು.

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಅಲ್ಲಿಗೆ ಮುಗಿಯಿತು. ಪುಸ್ತಕದ ಎರಡು, ಪೆಟ್ಟಿಗೆಯ ಎರಡು, ದಿನಕ್ಕೆ ನಾಲ್ಕು. ಕಾರಿಡಾರಿನಲ್ಲಿ ಇಬ್ಬರೂ ನಿಂತು ತೀರ್ಮಾನ ಮಾಡಿದರು. ಡಿಸ್ಚಾರ್ಜ್ ಆದ ಮೇಲೆ ಅತ್ತೆಯವರು ಮಗಳ ಊರಿಗೆ. ಅಂಗಡಿ ಬಂದ್. ಕಟಿಂಗ್ ಮೆಷಿನ್ ಎದುರಿನ ಪ್ರೆಸ್ಸಿನವರಿಗೆ. "ಎಣಿಕೆ ತಪ್ಪೋ ಕೈಯಲ್ಲಿ ಅಂಥ ಬ್ಲೇಡ್ ಕೊಡೋದಾ?" ಎಂದರು ಅತ್ತಿಗೆ. ಸುಳ್ಳಲ್ಲ. ಆ ಎರಡು ಅಂಗುಲ ನನ್ನ ಕಣ್ಣಿನ ಮುಂದೆಯೇ ಇದೆ.

ಪೆಟ್ಟಿಗೆ ತಂದವಳು ನಾನು. ಯಾರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಅವರಿಬ್ಬರೂ ಹೊರಗೆ ಹೋದಾಗ ಅತ್ತೆ ಮೆಲ್ಲಗೆ ಅಂದರು, "ಜ್ವರದಲ್ಲಿ ನಂಗೇ ಗೊತ್ತಿಲ್ದೆ ತಗೊಂಡಿರ್ಬೇಕು ಕಣಮ್ಮ. ರಕ್ತ ಸುಳ್ಳು ಹೇಳುತ್ತಾ?" ಹೇಳುವಾಗ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ.

ಸೆಪ್ಟೆಂಬರ್ ೧೬, ಸೋಮವಾರ

ಕೆಲಸಕ್ಕೆ ಹೋಗುವ ಮುಂಚೆ ಅಂಗಡಿಯ ಬಾಗಿಲು ತೆಗೆದೆ. ಮೇಜಿನ ಮೇಲೆ ನನ್ನ ಏಳು ಬಣ್ಣದ ಪೆಟ್ಟಿಗೆ ಇತ್ತು. ತೆರೆದೆ. ಸೋಮವಾರದ ಖಾನೆಯಲ್ಲಿ ದಪ್ಪ ಸೂಜಿ. ಮಂಗಳವಾರ, ಸಣ್ಣ ಸೂಜಿ. ಬುಧವಾರ, ಬಾಗಿದ ಸೂಜಿ. ಭಾನುವಾರದಲ್ಲಿ ಒಂದು ತುಂಡು ಮೇಣ.

ಡ್ರಾಯರಿನಲ್ಲಿ ಒಂದು ಕಾಗದದ ಪೊಟ್ಟಣ. ಮೇಲೆ ಅವರ ಉರುಟಾದ ಅಕ್ಷರ: 'ಸೊಸೆ ತಂದ ಗುಳಿಗೆ. ೧೪. ಅಕ್ಟೋಬರಿಗೆ.' ಬಿಚ್ಚಿ ಎಣಿಸಿದೆ. ಹದಿನಾಲ್ಕು. ಆಮೇಲೆ ಜೇಬಿನ ಪುಸ್ತಕ ಎಣಿಸಿದೆ. ಈ ತಿಂಗಳ ಹನ್ನೆರಡು ಪುಟ ಹರಿದಿವೆ, ಹದಿಮೂರನೆಯದರಲ್ಲಿ ಒಂದು ಗುಳಿಗೆ ಉಳಿದಿದೆ, ಮಿಕ್ಕ ಹದಿನೇಳರಲ್ಲಿ ಎರಡೆರಡು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹೊಸ ಸೊಸೆಯ ಮನಸ್ಸು ನೋಯಬಾರದೆಂದು ಆ ಹೆಂಗಸು ಮಕ್ಕಳ ಮುಂದೆ ತನ್ನ ತಲೆಯ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಾರೆ.

ಓಡಿಹೋಗಿ ಇವರಿಗೆ ಹೇಳಿದೆ. ಇವರು ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದರು. "ಎಣಿಕೆ ಸರಿ ಇದ್ರೆ ಇಪ್ಪತ್ತೊಂಬತ್ತು ಎಲ್ಲಿಂದ ಬಂತು? ಹಿಂದಿನ ತಿಂಗಳದ್ದು ಎಲ್ಲೋ ಉಳಿದಿರುತ್ತೆ."

"ಅವರ ಹತ್ರ ಯಾವತ್ತೂ ಏನೂ ಉಳಿಯಲ್ಲ, ನೀವೇ ಹೇಳ್ತಿದ್ರಿ."

"ಹಾಗಾದ್ರೆ ಗುಳಿಗೆ ಕರಗಿಸೋ ಲಿವರ್ ಹೋಗಿರ್ಬೇಕು. ಅದೂ ಇಲ್ಲ. ಲಿವರ್ ಟೆಸ್ಟ್ ನಾರ್ಮಲ್ ಅಂತ ನಿನ್ನ ಲ್ಯಾಬೇ ಬರೆದುಕೊಟ್ಟಿದೆ."

ಮೊದಲ ಸಲ ಇವರ ಮಾತಿಗೆ ಎದುರು ಮಾತಾಡಿದೆ. ಪ್ರಪಂಚವೇನೂ ಮುಳುಗಲಿಲ್ಲ.

ಸೆಪ್ಟೆಂಬರ್ ೧೭, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ, ಸೂಜಿಗಳನ್ನೂ ಸೇರಿಸಿ. ಅವರು ಕನ್ನಡಕ ಒರೆಸಿಕೊಂಡು ಕೇಳಿದರು, "ಸಿಆರ್‌ಪಿ ಎಷ್ಟಿತ್ತು?"

"ನೂರಾ ಎಂಬತ್ತನಾಲ್ಕು ಪಾಯಿಂಟ್ ಆರು." ಇದು ದೇಹದೊಳಗಿನ ಉರಿಯೂತ ಎಷ್ಟಿದೆ ಎಂದು ತೋರಿಸುವ ಪರೀಕ್ಷೆ. ಆರೋಗ್ಯವಂತರಿಗೆ ಐದರ ಕೆಳಗೆ ಇರುತ್ತದೆ.

"ಆ ಸಿಆರ್‌ಪಿ ತಯಾರಿಸೋದು ಯಾರು?"

"ಲಿವರ್."

"ಹೂಂ. ಶ್ವಾಸಕೋಶದಲ್ಲಿ ಉರಿಯೂತ ಎದ್ದ ತಕ್ಷಣ ಲಿವರಿಗೆ ಸುದ್ದಿ ಮುಟ್ಟುತ್ತೆ. ಅದು ದಿನದ ಕೆಲಸ ಬದಿಗಿಟ್ಟು ಇದರ ಹಿಂದೆ ಬೀಳುತ್ತೆ. ಔಷಧಿ ಒಡೆಯೋ ಕಿಣ್ವಗಳಿವೆಯಲ್ಲ, ಅವುಗಳ ತಯಾರಿ ಇಳಿಸಿಬಿಡುತ್ತೆ. ಬಾಯಿಗೆ ಹೋಗಿದ್ದು ಅದೇ ಎರಡು ಗುಳಿಗೆ. ಒಡೆದು ಹೊರಗೆ ಹೋಗೋದು ಮಾತ್ರ ನಿಧಾನ. ದಿನದಿನಕ್ಕೂ ರಕ್ತದಲ್ಲಿ ಏರ್ತಾ ಹೋಗುತ್ತೆ."

"ಆದ್ರೆ ಲಿವರ್ ಟೆಸ್ಟ್ ನಾರ್ಮಲ್ ಇದೆ ಮೇಡಂ."

"ಆ ಟೆಸ್ಟು ಕಾರ್ಖಾನೆಯ ಗೋಡೆ ಬಿದ್ದಿದೆಯಾ ಅಂತ ನೋಡುತ್ತೆ. ಒಳಗೆ ಯಾವ ಮೆಷಿನ್ ನಿಂತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಇರಲಿ, ಆಂಟಿಬಯೋಟಿಕ್ ಯಾವುದು ಕೊಟ್ರು? ಕೆಲವು ತಾವೇ ಈ ಔಷಧಿನ ಏರಿಸ್ತವೆ."

"ರಕ್ತ ತೆಗೆದಿದ್ದು ಅದಕ್ಕಿಂತ ಮುಂಚೆ."

"ಒಳ್ಳೇದು. ಗುಳಿಗೆ ನಿಲ್ಲಿಸಿದ ಮರುದಿನ ಎಷ್ಟಿತ್ತು?"

"ಇಪ್ಪತ್ತು ಪಾಯಿಂಟ್ ಎರಡು."

ಮೇಡಂ ಪೆನ್ನು ಕೆಳಗಿಟ್ಟರು. "ಬರೀ ಹೆಚ್ಚಿಗೆ ನುಂಗಿದ್ದೇ ಆಗಿದ್ರೆ, ಸರಿಯಾಗಿ ಕೆಲಸ ಮಾಡೋ ಲಿವರ್ ಒಂದು ದಿನದಲ್ಲಿ ಅದನ್ನ ಇನ್ನೂ ಎಷ್ಟೋ ಕೆಳಗೆ ತರ್ತಿತ್ತು. ಇದು ಕುಂಟ್ತಾ ಇಳಿದಿದೆ. ಕಾಫಿ ಕುಡೀತಾರಾ ನಿಮ್ಮತ್ತೆ?"

"ಕುಡೀತಾರೆ."

"ಈಚೆಗೆ ಕಾಫಿ ಕುಡಿದ್ರೆ ನಿದ್ದೆ ಬರಲ್ಲ ಅಂದ್ರಾ? ಕಾಫಿಯನ್ನೂ ಒಡೆಯೋದು ಅದೇ ಕಿಣ್ವ."

ಬ್ಯಾಗಿನಿಂದ ಈ ನೋಟ್‌ಬುಕ್ ತೆಗೆದು ಹನ್ನೊಂದನೇ ತಾರೀಖಿನ ಪುಟ ಅವರಿಗೆ ಓದಿ ಹೇಳಿದೆ. ನಗಾಡಿಕೊಂಡು ಬರೆದದ್ದು. ಅದೇ ಪುಟದಲ್ಲಿ ಕಾಯಿಲೆ ತನ್ನ ವಿಳಾಸವನ್ನೇ ಕೊಟ್ಟಿತ್ತು, ನಾನು ಸೊಸೆಯ ಕಾಫಿಯ ಪವರ್ ಎಂದಿದ್ದೆ.

ಸೆಪ್ಟೆಂಬರ್ ೧೮, ಬುಧವಾರ

ವಾರ್ಡಿನ ಡಾಕ್ಟರು ನಮ್ಮ ಮೇಡಂ ಬರೆದ ಚೀಟಿ ಓದಿ ತಲೆಯಾಡಿಸಿದರು. "ಬಹಳ ಮಟ್ಟಿಗೆ ಹೀಗೇ ಇರಬಹುದು. ಸದ್ಯ ಅರ್ಧ ಡೋಸ್. ಉರಿಯೂತ ಇಳಿದ ಮೇಲೆ ಮೊದಲಿನಷ್ಟೇ ಕೊಟ್ಟು ಒಂದು ವಾರಕ್ಕೆ ಮಟ್ಟ ನೋಡೋಣ."

ಅತ್ತೆಗೆ ನಾನು ಹೀಗೆ ಹೇಳಿದೆ: "ಪರೀಕ್ಷೆಯ ಉತ್ತರಪತ್ರಿಕೆ ಹೊಲಿಯೋ ಅರ್ಜೆಂಟ್ ಆರ್ಡರ್ ಬಂದ್ರೆ ನೀವೇನ್ಮಾಡ್ತೀರಿ?"

"ಮಿಕ್ಕಿದ್ದೆಲ್ಲ ಪಕ್ಕಕ್ಕೆ ಸರಿಸ್ತೀನಿ."

"ದಿನಾ ಬರೋ ಬೈಂಡಿಂಗ್ ಬರೋದು ನಿಲ್ಲುತ್ತಾ?"

"ಎಲ್ಲಿ ನಿಲ್ಲುತ್ತೆ, ರಾಶಿ ಬೀಳುತ್ತೆ." ತಟ್ಟನೆ ನನ್ನ ಕಡೆ ತಿರುಗಿದರು. "ಓ. ಗುಳಿಗೆ ರಾಶಿ ಬಿತ್ತು ಅನ್ನು."

ಡಿಗ್ರಿ ಓದಿದ ನನಗೆ ಅರ್ಧ ಗಂಟೆ ಹಿಡಿದದ್ದು ಅವರಿಗೆ ಅರ್ಧ ನಿಮಿಷ. ಪೆಟ್ಟಿಗೆಯ ವಿಷಯ ಎತ್ತಿದೆ. "ಮದುವೆಯಾಗಿ ತಿಂಗಳಾಗಿಲ್ಲ, ಆಸೆಪಟ್ಟು ತಂದಿದ್ದೀಯ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಸೂಜಿಗೆ ಮಾತ್ರ ಅದು ನಿಜಕ್ಕೂ ಅನುಕೂಲ" ಎಂದರು. ನಕ್ಕರು. ಆದರೆ ಆಮೇಲೆ, "ಆದ್ರೂ ನಂಗೆ ಧೈರ್ಯ ಬರ್ತಿಲ್ಲ. ಜ್ವರದಲ್ಲಿ ಏನು ಮಾಡಿದೆನೋ" ಎಂದರು.

ಇವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಡಾಕ್ಟರು 'ಇರಬಹುದು' ಅಂದ್ರು. ಇರಬಹುದು ಅಂತ ನಾನು ಲಿಫ್ಟಿಗೆ ಸರ್ಟಿಫಿಕೇಟ್ ಕೊಡಲ್ಲ. ಅದು ನಮ್ಮಮ್ಮನ ಬೆರಳು." ಕೋಪ ಬಂತು. ಇವರ ಕಣ್ಣು ನೋಡಿದ ಮೇಲೆ ಕೋಪ ಅರ್ಧಕ್ಕೆ ಇಳಿಯಿತು. ಹೆದರಿದ್ದಾರೆ ಪಾಪ.

ಸೆಪ್ಟೆಂಬರ್ ೨೦, ಶುಕ್ರವಾರ

ಅತ್ತೆ ಮಗಳ ಜೊತೆ ಹೋದರು. ಅಂಗಡಿಯ ಕೀಲಿಯನ್ನು ಮಗನ ಕೈಗೆ ಕೊಟ್ಟರು.

ಸೆಪ್ಟೆಂಬರ್ ೨೨, ಭಾನುವಾರ

ಎದುರಿನ ಪ್ರೆಸ್ಸಿನವರು ಟೇಪು ಹಿಡಿದು ಮೆಷಿನ್ ಅಳೆಯಲು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಎರಡು ವಾರ ಬಿಟ್ಟು ಬನ್ನಿ ಅಣ್ಣಾ. ಅಷ್ಟರಲ್ಲಿ ಮೆಷಿನ್ ಕುಗ್ಗಲ್ಲ."

ಅವರು ಹೋದ ಮೇಲೆ ಇವರು, "ಯಾರ ಅಪ್ಪಣೆ ಮೇಲೆ ಹೇಳಿದೆ?" ಎಂದರು.

"ಮೆಷಿನ್ನಿನ ಒಡತಿ ಊರಲ್ಲಿಲ್ಲ. ಬರೋತನಕ ನಾನು ಕಾವಲು."

ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದರು. ಆಮೇಲೆ ಇವರೇ ಬಂದು ಕೂತರು. ಒಪ್ಪಂದ ಹೀಗೆ: ಪೂರ್ತಿ ಡೋಸಿನಲ್ಲಿ ಒಂದು ವಾರ, ಗುಳಿಗೆ ಅತ್ತೆಯೇ ತೆಗೆದುಕೊಳ್ಳಬೇಕು, ಯಾರೂ ಕೈ ಹಾಕುವ ಹಾಗಿಲ್ಲ. ಮಟ್ಟ ಮೊದಲಿನ ಹನ್ನೆರಡರ ಆಸುಪಾಸಿಗೆ ಬಂದರೆ ಮೆಷಿನ್ ಇಲ್ಲೇ ಇರುತ್ತದೆ, ಇವರೇ ಫೋನ್ ಮಾಡಿ ಅಮ್ಮನನ್ನು ಕರೆಯುತ್ತಾರೆ. ಮತ್ತೆ ಮೇಲೆ ಹೋದರೆ ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕು.

"ಆಯ್ತು" ಎಂದೆ. ನನ್ನ ಬಾಯಿಗೆ ಬೀಗ ಎಂದರೆ ಎಷ್ಟು ದೊಡ್ಡ ಪಂದ್ಯ ಎಂದು ಇವರಿಗೆ ಗೊತ್ತು.

ಸೆಪ್ಟೆಂಬರ್ ೨೪, ಮಂಗಳವಾರ

ಅತ್ತಿಗೆಯ ಜೊತೆ ಫೋನಿನಲ್ಲಿ ಇಪ್ಪತ್ತು ನಿಮಿಷ. ಅವರಿಗೆ ತಾವೇ ಎದುರು ನಿಂತು ನುಂಗಿಸಬೇಕಂತೆ.

"ಅತ್ತಿಗೆ, ನೀವು ನುಂಗಿಸಿದ್ರೆ ಪರೀಕ್ಷೆ ಬರೆದವರು ನೀವಾಗ್ತೀರಿ. ಅವರೇ ಬರೀಲಿ."

"ನಂಗೇ ಸ್ಕೂಲ್ ಪಾಠ ಹೇಳ್ತೀಯಾ?"

"ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿದ್ರೆ ಬೇಗ ಅರ್ಥ ಆಗುತ್ತೆ ಅಂತ."

"ನಾಲಿಗೆ ಚುರುಕಿದೆ ಕಣೆ ನಿಂದು" ಎಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಒಪ್ಪಿದ್ದಾರೆ, ಅಷ್ಟು ಸಾಕು.

ಅವರ ಊರಿನ ಆಸ್ಪತ್ರೆಯಲ್ಲಿ ಸಿಆರ್‌ಪಿ ಮೂರು ಪಾಯಿಂಟ್ ಎಂಟು. ನಾಳೆಯಿಂದ ಪೂರ್ತಿ ಡೋಸ್.

ಸೆಪ್ಟೆಂಬರ್ ೨೮, ಶನಿವಾರ

ಓರೆಯಾಗಿ ಕತ್ತರಿಸಿದ ಆ ರಿಜಿಸ್ಟರುಗಳ ಶಾಲೆಯವರು ಬಂದಿದ್ದರು. ಇವರು ಮೆಷಿನ್ನಿನಲ್ಲಿ ಎಲ್ಲವನ್ನೂ ಅರ್ಧ ಅಂಗುಲ ಗಿಡ್ಡ ಮಾಡಿ ಸಮ ಮಾಡಿದರು, ನಾನು ಬೆನ್ನಿಗೆ ಬಟ್ಟೆ ಅಂಟಿಸಿದೆ. ಮೊದಲ ಮೂರು ಸೊಟ್ಟ. ನಾಲ್ಕನೆಯದು ಪರವಾಗಿಲ್ಲ. ಫೋನಿನಲ್ಲಿ ಅತ್ತೆಗೆ ಹೇಳಿದರೆ, "ಅಂಟು ನೀರಾಗಿತ್ತಾ? ಎರಡು ಗಂಟೆ ಮುಂಚೆ ಕಲಸಿಡಬೇಕು. ಮೂಲೆ ಮಡಚೋಕೆ ಮುಂಚೆ ಬಟ್ಟೆ ಒದ್ದೆ ಮಾಡಿದ್ಯಾ?" ಎಂದು ಕಾಲು ಗಂಟೆ ದಬಾಯಿಸಿದರು. ಎಷ್ಟು ಹಿತವಾಗಿತ್ತು. ಉಸಿರು ಎಲ್ಲಿಯೂ ಕಟ್ಟಲಿಲ್ಲ, ಗಮನಿಸಿದೆ.

ಅಕ್ಟೋಬರ್ ೨, ಬುಧವಾರ

ಮಧ್ಯಾಹ್ನದ ಪಾರ್ಸೆಲಿನಲ್ಲಿ ಐಸ್ ಡಬ್ಬಿ ಬಂತು. ಸುತ್ತಲಿನ ಊರುಗಳ ಸ್ಯಾಂಪಲ್ ಎಲ್ಲ ನಮ್ಮಲ್ಲಿಗೇ ಬರುತ್ತದೆ. ಅದರಲ್ಲಿ ಒಂದು ಅಮ್ಮನದು. ಮೇಡಂ ಅದನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹೊರಗೆ ಬೇರೆಯವರ ಮೂವತ್ತೊಂದು ಟ್ಯೂಬುಗಳಿಗೆ ಲೇಬಲ್ ಅಂಟಿಸಿದೆ. ಒಂದೂ ಸೊಟ್ಟ ಇಲ್ಲ.

ಮಟ್ಟ ಇಪ್ಪತ್ತು ದಾಟಿದ್ದರೆ ಎಂಬ ಯೋಚನೆ ಒಂದು ಸಲ ಬಂತು. ಆಮೇಲೆ ಬರಲಿಲ್ಲ. ಅಮ್ಮ ಎಣಿಸಿದ್ದು ತಪ್ಪುವುದಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಮೇಡಂ ಬಾಗಿಲು ತೆರೆದರು. "ಹನ್ನೆರಡು" ಎಂದು ನಿಲ್ಲಿಸಿದರು.

"ಪಾಯಿಂಟ್ ಎಷ್ಟು ಮೇಡಂ?" ಎಂದೆ.

"ಮೂರು. ಇವತ್ತು ಬೇಗ ಮನೆಗೆ ಹೋಗಮ್ಮ."

ಇವರು ಗೇಟಿನಲ್ಲೇ ಇದ್ದರು. ರಿಪೋರ್ಟನ್ನು ಹೆಲ್ಮೆಟ್ ತೆಗೆದು ಓದಿದರು, ಮತ್ತೆ ಓದಿದರು. ಸ್ಕೂಟರಿನ ಮೇಲೆ ಕೂತಲ್ಲೇ ಫೋನ್ ಹಚ್ಚಿದರು.

"ಅಮ್ಮ, ನೀನು ಒಂದು ಗುಳಿಗೇನೂ ಹೆಚ್ಚು ತಗೊಂಡಿರ್ಲಿಲ್ಲ. ನಂದೇ ತಪ್ಪು." ಬಾಯಲ್ಲಿ ಸ್ಪ್ಯಾನರ್ ಇರುವ ಮನುಷ್ಯ ಫೋನನ್ನು ನನ್ನ ಕೈಗೆ ತುರುಕಿ ಆ ಕಡೆ ತಿರುಗಿ ನಿಂತರು.

"ಅಮ್ಮ, ಮುಂದಿನ ಸಲ ಜ್ವರ ಬಂದ ದಿನವೇ ಡಾಕ್ಟರಿಗೆ ಹೇಳೋಣ, ಅವರು ಡೋಸ್ ಇಳಿಸ್ತಾರೆ. ಅಷ್ಟೇ ವಿಷಯ" ಎಂದೆ.

ಆ ಕಡೆಯಿಂದ, "ನಾನೇ ಮಾಡಿದ್ದು ಅಂತ ನಾನು ಒಪ್ಪಿಕೊಂಡುಬಿಟ್ಟಿದ್ದೆ ಕಣೆ" ಎಂದರು. ಮದುವೆಯಾದ ಮೇಲೆ ನನ್ನನ್ನು 'ಕಣೆ' ಎಂದದ್ದು ಇದೇ ಮೊದಲು. ಮೂಗು ಸೀನಿದ ಸದ್ದು. ಆಮೇಲೆ ಅವರ ನಿಜವಾದ ಧ್ವನಿ, ಅಂಗಡಿಯ ಧ್ವನಿ: "ಪ್ರೆಸ್ಸಿನವನಿಗೆ ಇವತ್ತೇ ಹೇಳಿಬಿಡು, ಮೆಷಿನ್ ಕೊಡಲ್ಲ ಅಂತ. ಬ್ಲೇಡಿಗೆ ಎಣ್ಣೆ ಸವರಿಸು ನಿನ್ನ ಗಂಡನ ಕೈಲಿ. ಸ್ಟೇಷನ್ನಿಗೆ ಬರೋದೇನೂ ಬೇಡ, ಆಟೋ ಸಿಗುತ್ತೆ."

ಖಂಡಿತ ಹೋಗುತ್ತೇವೆ. ಇಬ್ಬರೂ ರಜೆ ಹಾಕಿ ಆಯಿತು. ಅಮ್ಮ ಬರುವುದು ಶುಕ್ರವಾರ, ಬೆಳಗ್ಗೆ ಏಳೂ ನಲವತ್ತರ ಪ್ಯಾಸೆಂಜರ್.